ಕಲ್ಲು ಹತ್ತುವ ಗಾಡಿಗೊಂದು ಪ್ಲಾಟ್‌ಫಾರ್ಮ್

ನಮ್ಮ ರಿಮೋಟ್ ಗಾಡಿ ಸಂಘದ ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಈ ಸಲ ಗೆದ್ದವರೇ, ಗೆಲ್ಲದೆ ಕಲ್ಲನ್ನು ಬೈಯುತ್ತ ಕೂತಿರುವವರೇ, ಮತ್ತು ಇವರನ್ನೆಲ್ಲ ಮನೆಯಲ್ಲಿ ಸಹಿಸಿಕೊಂಡು ಬಂದಿರುವ ನನ್ನ ಪ್ರೀತಿಯ ಸಭಿಕರೇ,

ವಾರ್ಷಿಕೋತ್ಸವದಲ್ಲಿ ಸದಸ್ಯರ ಮನೆಯವರ ಪರವಾಗಿ ಯಾರಾದರೂ ಎರಡು ಮಾತಾಡಬೇಕು ಎಂದು ಅಧ್ಯಕ್ಷರು ಹೇಳಿದಾಗ ಉಳಿದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಕಾರಣ ನನಗೂ ಗೊತ್ತು. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ದಿನವಿಡೀ ಕಿರುಚಿ ಗಂಟಲು ಪಳಗಿದೆ. ನನಗೆ ಈ ಮೈಕಿನ ಅಗತ್ಯವೂ ಇಲ್ಲ, ಆದರೂ ಕೊಟ್ಟಿದ್ದೀರಿ, ಸಂತೋಷ.

ಹೊಸದಾಗಿ ಬಂದವರಿಗೆ ಈ ಆಟದ ವಿಷಯ ಹೇಳಿಬಿಡುತ್ತೇನೆ. ಮೊಣಕೈ ಉದ್ದದ ಒಂದು ಗಾಡಿ. ಅಂಗಳದಲ್ಲಿ ರಾಶಿ ಹಾಕಿದ ಕಲ್ಲು. ಕಲ್ಲುಗಳ ನಡುವೆ ನೆಟ್ಟ ಕಡ್ಡಿಗಳ ಸಂದಿಯಲ್ಲಿ ರಿಮೋಟ್ ಹಿಡಿದು ಆ ಗಾಡಿಯನ್ನು ಹತ್ತಿಸಬೇಕು. ಕಡ್ಡಿ ತಾಗಿದರೆ ಅಂಕ ಹೋಯಿತು, ಹಿಂದಕ್ಕೆ ಬಂದರೆ ಅಂಕ ಹೋಯಿತು, ಕೈಯಲ್ಲಿ ಮುಟ್ಟಿದರಂತೂ ಕೇಳುವುದೇ ಬೇಡ. ವೇಗ ಬೇಕಾಗಿಲ್ಲ. ಆಮೆಯೂ ಆಕಳಿಸುವಷ್ಟು ನಿಧಾನ. ಇದಕ್ಕಾಗಿ ದೊಡ್ಡ ದೊಡ್ಡ ಗಂಡಸರು ಬಿಸಿಲಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಮೂರನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿರುವ ವಾಚ್ ರಿಪೇರಿಯವರು ನನ್ನ ಯಜಮಾನರು. ಮುಂದಿನ ತಿಂಗಳ ದೊಡ್ಡ ಸ್ಪರ್ಧೆಗೆ ಹೆಸರು ಕೊಡಲು ಇವತ್ತೇ ಕಡೆಯ ದಿನ. ಹೆಸರಿನ ಜೊತೆ ಗಾಡಿ ಯಾವುದೆಂದೂ ಹೇಳಬೇಕು. ಅವರು ಇನ್ನೂ ಕೊಟ್ಟಿಲ್ಲ. ಹೋದ ವರ್ಷವೂ ಕೊಡಲಿಲ್ಲ. ಯಾಕೆ? ಪ್ಲಾಟ್‌ಫಾರ್ಮ್ ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲವಂತೆ.

ಪ್ಲಾಟ್‌ಫಾರ್ಮ್ ಎಂದರೆ ಚಾಸಿಸ್ಸು, ಆಕ್ಸಲ್ಲು, ಗೇರ್‌ಬಾಕ್ಸು ಎಲ್ಲ ಸೇರಿದ ಅಸ್ತಿಭಾರ. ಅದೊಂದನ್ನು ಆರಿಸಿಕೊಂಡರೆ ಉಳಿದದ್ದನ್ನೆಲ್ಲ ಅದರ ಮೇಲೆ ಕಟ್ಟಿಕೊಳ್ಳಬಹುದು. ಒಂದನ್ನು ಆರಿಸಲು ಎಷ್ಟು ದಿನ ಬೇಕು ಸ್ವಾಮಿ? ನನ್ನನ್ನು ನೋಡಲು ಬಂದವರು ಒಂದು ಲೋಟ ಚಹಾ ಮುಗಿಯುವುದರೊಳಗೆ ಒಪ್ಪಿಕೊಂಡಿದ್ದರು. ಗಾಡಿಯ ವಿಷಯದಲ್ಲಿ ಮಾತ್ರ ಎರಡು ವರ್ಷ. ಉದ್ದ ಇದ್ದರೆ ಹೊಟ್ಟೆ ಕಲ್ಲಿಗೆ ಕೂರುತ್ತದೆ. ಗಿಡ್ಡ ಇದ್ದರೆ ಹಿಂದಕ್ಕೆ ಮಗುಚುತ್ತದೆ. ಹಗುರ ಇದ್ದರೆ ಹಿಡಿತವಿಲ್ಲ. ಹಾಗಂತ ಮುಂದಿನ ಚಕ್ರದೊಳಗೆ ಸೀಸದ ತುಂಡು ಅಂಟಿಸುವುದು, ನಾನು ಹಿಟ್ಟು ತೂಗುವ ತಕ್ಕಡಿಯಲ್ಲಿ ಗಾಡಿ ತೂಗುವುದು, ಆಮೇಲೆ ಭಾರ ಹೆಚ್ಚಾಯಿತು ಎಂದು ಕೀಳುವುದು. ಸೋಫಾದ ಮೇಲೆ ದಿಂಬು, ದಿಂಬಿನ ಮೇಲೆ ನನ್ನ ಕುಕ್ಕರ್, ಅದು ಇವರ ಬೆಟ್ಟ. ಅಡುಗೆಗೆ ಕುಕ್ಕರ್ ಬೇಕಾದರೆ ನಾನು ಬೆಟ್ಟ ಕೆಡವಬೇಕು.

ಪಾಪ, ನಿಮ್ಮಲ್ಲಿ ಎಷ್ಟೋ ಜನ ನಿಮ್ಮ ಗಾಡಿಯನ್ನೇ ಕೊಟ್ಟು, ಓಡಿಸಿ ನೋಡಿ ಎಂದಿದ್ದೀರಿ. ಪ್ರತಿಯೊಂದನ್ನೂ ಒರೆಸಿ ಹಿಂದಿರುಗಿಸಿದ್ದಾರೆ. ಕೇಳಿದರೆ ಒಂದೇ ಉತ್ತರ, "ಚೆನ್ನಾಗೇನೋ ಇದೆ ಕಣೆ, ಆದ್ರೆ ಕಲ್ಲಿನ ಮೇಲೆ ನಡುಗುತ್ತೆ." ಅಧ್ಯಕ್ಷರ ಗಾಡಿ ನಡುಗುತ್ತದೆ. ಕಾರ್ಯದರ್ಶಿಗಳ ಗಾಡಿ ನಡುಗುತ್ತದೆ. ಈ ವರ್ಷ ಮೊದಲನೆಯ ಬಹುಮಾನ ಗೆದ್ದ ಗಾಡಿಯೂ ನಮ್ಮ ಮನೆಗೆ ಬಂದಾಗ ನಡುಗಿತು. ಹಿಂದೆ ಇದೇ ಮನುಷ್ಯ, ಕನ್ನಡಿ ಮುರಿದ ಒಂದು ಹಳೆಯ ಗಾಡಿಯಲ್ಲಿ ನಿಮ್ಮನ್ನೆಲ್ಲ ಸೋಲಿಸಿದ್ದು ನೆನಪಿದೆಯೇ? ಅದು ಈಗ ಫ್ರಿಜ್ಜಿನ ಮೇಲೆ ಬಟ್ಟೆ ಹೊದ್ದು ಮಲಗಿದೆ. ಅದೂ ನಡುಗುತ್ತದಂತೆ.

ಗಾಡಿ ಹೋಗಲಿ, ಈಚೆಗೆ ಎಲ್ಲದರಲ್ಲೂ ಇದೇ ರಾಗ. ಅಂಗಡಿಯಲ್ಲಿ ಕೈಗಡಿಯಾರ ಮುಟ್ಟುವುದಿಲ್ಲ, ಗೋಡೆ ಗಡಿಯಾರವಾದರೆ ಮಾತ್ರ ರಿಪೇರಿ. ಚಹಾ ಕೊಟ್ಟರೆ ಅರ್ಧ ಲೋಟ ಸಾಕು. ತುಂಬ ಕೊಟ್ಟರೆ ಮುನಿಸು. ಇದಕ್ಕೆಲ್ಲ ವಯಸ್ಸಾಯಿತು ಅನ್ನಬೇಕೋ, ಕೊಬ್ಬು ಅನ್ನಬೇಕೋ?

ನನ್ನ ಸ್ಕೂಲಿಗೂ ಇಂಥವರು ಬರುತ್ತಾರೆ. ಮೊದಲ ದಿನವೇ ಕೇಳುತ್ತಾರೆ, "ಮೇಡಂ, ಯಾವ ಕಾರ್ ತಗೊಂಡ್ರೆ ಒಳ್ಳೇದು?" ಸ್ಟೇರಿಂಗ್ ಹಿಡಿಯಲು ಭಯ ಇರುವವರು ಕಾರಿನ ವಿಷಯವನ್ನೇ ಮಾತಾಡುತ್ತಾರೆ. ಒಬ್ಬ ಬ್ಯಾಂಕಿನವರು ಇದ್ದರು. ಗಾಡಿ ಜರ್ಕ್ ಹೊಡೆಯುತ್ತದೆ, ಬೇರೆ ಕೊಡಿ ಎನ್ನುವರು. ಬೇರೆ ಕೊಟ್ಟೆ, ಅದೂ ಜರ್ಕ್. ಇನ್ನೊಂದು ಕೊಟ್ಟೆ, ಅದೂ ಜರ್ಕ್. ಕಡೆಗೆ ನಾನು ಹೇಳಿದೆ, "ಸಾರ್, ಎಲ್ಲಾ ಗಾಡೀಲೂ ಒಂದೇ ದೋಷ ಇದ್ರೆ ಅದು ಗಾಡೀದಲ್ಲ. ನಿಮ್ಮ ಕಾಲು..."

ಒಂದು ನಿಮಿಷ. ಸ್ವಲ್ಪ ನೀರು ಕೊಡಿ.

ಕ್ಷಮಿಸಿ. ಮಾತು ಎಲ್ಲಿಗೆ ಬಂದಿತ್ತು? ಹೌದು, ಕಾಲು. ಕಾಲಿನದಾದರೆ ನನಗೆ ತಕ್ಷಣ ಗೊತ್ತಾಗುತ್ತದೆ. ಪಕ್ಕದಲ್ಲೇ ಕೂತಿರುತ್ತೇನಲ್ಲ, ನನ್ನ ಕಾಲಡಿಯೂ ಒಂದು ಬ್ರೇಕ್ ಇರುತ್ತದಲ್ಲ. ಊರಿನವರ ಕಾಲೆಲ್ಲ ನೋಡಿದೆ. ಮನೆಯಲ್ಲಿ ಒಂದು ಜೊತೆ ಕೈ ಇತ್ತು, ಅದನ್ನು ನೋಡಲಿಲ್ಲ.

ರೀ, ಕಂಬದ ಹಿಂದೆ ಸರೀಬೇಡಿ, ಇಲ್ಲಿ ನೋಡಿ. ಗಾಡಿ ನಡುಗ್ತಿರ್ಲಿಲ್ಲ ಅಲ್ವಾ? ನಿಮ್ಮ ಕೈ. ಅದಕ್ಕೇ ಅರ್ಧ ಲೋಟ, ಅದಕ್ಕೇ ಗೋಡೆ ಗಡಿಯಾರ. ಎರಡು ವರ್ಷ ನನ್ನ ಕುಕ್ಕರ್ ಮೇಲೆ ಗಾಡಿ ಹತ್ತಿಸೋ ಬದಲು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಸಭೇಲಿ ಹೇಳಿಬಿಟ್ಟೆ ಅಂತ ಮನೆಗೆ ಹೋದ್ಮೇಲೆ ಬೈಕೊಳ್ಳಿ. ನನಗೆ ಈಗ ಸಿಟ್ಟೂ ಬರ್ತಿದೆ, ಅಳೂನೂ ಬರ್ತಿದೆ. ನಾಳೆ ಬೆಳಿಗ್ಗೆ ಡಾಕ್ಟರ್ ಹತ್ರ ಹೋಗ್ತಿದೀವಿ, ಅದರಲ್ಲಿ ಆಯ್ಕೆ ಗೀಯ್ಕೆ ಏನೂ ಇಲ್ಲ.

ಸಭಿಕರು ಮನ್ನಿಸಬೇಕು. ಕಾರ್ಯದರ್ಶಿಗಳೇ, ನಿಮ್ಮ ನಿಯಮದ ಪುಸ್ತಕವನ್ನು ಇವರು ಗಟ್ಟಿಯಾಗಿ ಓದಿ ಓದಿ ನನಗೂ ಬಾಯಿಪಾಠವಾಗಿದೆ. ಗಾಡಿಯನ್ನು ಮುಟ್ಟಬಾರದು ಎಂದಿದೆ. ದಾರಿ ಹೇಳುವವರು ಒಬ್ಬರು, ರಿಮೋಟ್ ಒತ್ತುವವರು ಇನ್ನೊಬ್ಬರು ಆಗಬಾರದು ಎಂದು ಎಲ್ಲೂ ಇಲ್ಲ. ಇದೆಯೇ? ತಲೆ ಅಲ್ಲಾಡಿಸುತ್ತಿದ್ದೀರಿ, ಇಲ್ಲ ಎಂದೇ ತಿಳಿಯುತ್ತೇನೆ. ಹಾಗಾದರೆ ಬರೆದುಕೊಳ್ಳಿ, ವಾಚ್ ರಿಪೇರಿಯವರು ಮತ್ತು ಅವರ ಹೆಂಡತಿ. ಪ್ಲಾಟ್‌ಫಾರ್ಮ್, ಫ್ರಿಜ್ಜಿನ ಮೇಲಿನದು.

ಯಾವ ಕಲ್ಲಿಗೆ ಯಾವ ಚಕ್ರ ಮೊದಲು ಇಡಬೇಕೆಂದು ಇವರಷ್ಟು ಬಲ್ಲವರು ಈ ಸಂಘದಲ್ಲಿ ಇಲ್ಲ. ಅವರು ಹೇಳಲಿ, ನಾನು ಒತ್ತುತ್ತೇನೆ. ಜೀವನವಿಡೀ ನಾನು ಹೇಳಿದ್ದು, ಇನ್ನೊಬ್ಬರು ಒತ್ತಿದ್ದು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ನಗಬೇಡಿ, ಪ್ರಯತ್ನವನ್ನಂತೂ ಮಾಡುತ್ತೇನೆ.

ಎರಡು ಮಾತಿಗೆ ಕರೆದು ಇಷ್ಟೊಂದು ಕೇಳಿಸಿಕೊಂಡಿರಿ, ನಿಮ್ಮ ತಾಳ್ಮೆಗೆ ಋಣಿ. ಈಗ ಹೊರಗೆ ಚಹಾ ಇದೆಯಂತೆ. ಬಡಿಸುವವರಲ್ಲಿ ಒಂದು ವಿನಂತಿ. ನಮ್ಮ ಯಜಮಾನರಿಗೆ ತುಂಬಿದ ಲೋಟವನ್ನೇ ಕೊಡಿ. ನಾನು ಹಿಡಿದುಕೊಳ್ಳುತ್ತೇನೆ.

ಎಲ್ಲರಿಗೂ ನಮಸ್ಕಾರ.