ಮೋಡ ನಿಲ್ಲಿಸುವ ಗುಂಡಿ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅವರ ಅಕ್ಕಪಕ್ಕದ ಗಣ್ಯರೇ, ಇಪ್ಪತ್ತೆರಡು ವರ್ಷ ನನ್ನನ್ನು ಸಹಿಸಿಕೊಂಡ ಪೈಲಟ್‌ಗಳೇ, ಊಟದ ಹೊತ್ತಾದರೂ ಏಳದೆ ಕುಳಿತಿರುವ ಸಭಿಕರೇ,

ನಿವೃತ್ತನಾಗುವವನ ಕೈಗೆ ಮೈಕು ಕೊಡುವುದು ಅಪಾಯ. ಅದಕ್ಕೇ ಅಧ್ಯಕ್ಷರು ಜೊತೆಗೊಂದು ಚೀಟಿಯನ್ನೂ ಕೊಟ್ಟಿದ್ದಾರೆ. ತರಬೇತಿಗೂ ಪರೀಕ್ಷೆಗೂ ಪೈಲಟ್‌ಗಳೇ ಹಣ ಕಟ್ಟಬೇಕೆಂಬ ನಮ್ಮ ನಿಯಮದಿಂದ ಶಿಸ್ತು ಹೆಚ್ಚಿದೆ ಎಂದು ನಾನು ಹೇಳಬೇಕಂತೆ. ಹೇಳಿದೆ. ಚೀಟಿ ಮುಗಿಯಿತು.

ಇನ್ನು ನನ್ನ ಮಾತು. ಪರೀಕ್ಷಕನಾಗಿ ನಾನು ಇಷ್ಟು ವರ್ಷ ಕಳೆದದ್ದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಅಲ್ಲಿರುವುದು ಎಂದೂ ನೆಲ ಬಿಡದ ವಿಮಾನ, ಸಿಮ್ಯುಲೇಟರ್. ಪೈಲಟ್‌ಗಳ ಬೆನ್ನ ಹಿಂದಿನ ಕುರ್ಚಿ ನನ್ನದು. ಒಂದು ಗುಂಡಿ ಒತ್ತಿದರೆ ಬೆಳಗಾಗುತ್ತಿತ್ತು, ಇನ್ನೊಂದು ಒತ್ತಿದರೆ ಮಂಜು ಇಳಿಯುತ್ತಿತ್ತು. ಕೆಂಪು ಗುಂಡಿ ಒತ್ತಿದರೆ ವಿಮಾನ, ಮೋಡ, ಗಾಜಿನ ಮೇಲಿನ ಮಳೆಹನಿ ಎಲ್ಲವೂ ಇದ್ದಲ್ಲೇ ನಿಂತುಬಿಡುತ್ತಿದ್ದವು. ಹಾಗೆ ನಿಂತ ಮೋಡವನ್ನು ನೋಡುತ್ತಾ ಎಷ್ಟೋ ಸಲ ಕೈಯಲ್ಲಿದ್ದ ಚಹಾ ಮರೆತಿದ್ದೇನೆ. ಮನೆಗೆ ಹೋದರೂ ಅರ್ಧ ಮನಸ್ಸು ಅಲ್ಲೇ. ಮುಂದಿನ ಸಾಲಿನಲ್ಲಿರುವ ನನ್ನ ಹೆಂಡತಿ ಇದಕ್ಕೆ ಸಾಕ್ಷಿ.

ನಮ್ಮ ಕಾಲದಲ್ಲಿ ಕಂಪನಿಯೇ ಕಲಿಸುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ನಾನು ನಪಾಸಾದೆ. ಇದು ನನ್ನ ಹೆಂಡತಿಗೂ ಈಗಷ್ಟೇ ಗೊತ್ತಾಗುತ್ತಿದೆ. ಮತ್ತೆ ಕಲಿಸಿದರು, ಮತ್ತೆ ಕೂರಿಸಿದರು. ಮನೆಯ ಒಂದು ಚಮಚವನ್ನೂ ಮಾರಬೇಕಾಗಲಿಲ್ಲ.

ನಾಲ್ಕು ತಿಂಗಳ ಹಿಂದೆ ಒಬ್ಬ ಹುಡುಗಿ ಪರೀಕ್ಷೆಗೆ ಬಂದಳು. ಇಲ್ಲೇ, ಬಾಗಿಲ ಬಳಿ ಕುಳಿತಿದ್ದಾಳೆ. ಪರೀಕ್ಷೆಗೆ ಮುಂಚೆ ಮನೆಯ ವಿಷಯ ಕೇಳುವುದು ನನ್ನ ಕೆಟ್ಟ ಅಭ್ಯಾಸ. ಕೇಳಿದೆ.

"ಅಮ್ಮ ಒಬ್ರೇ ಸರ್. ಹೊಲಿಗೆ ಅಂಗಡಿ ಇತ್ತು, ಇದಕ್ಕೇ ಅಂತ ಮಾರಿದ್ರು" ಅಂದಳು.

ನೆಲ ಬಿಟ್ಟ ಕೂಡಲೇ ನಾನು ಎಡಗಡೆಯ ಎಂಜಿನ್ ನಿಲ್ಲಿಸಿದೆ. ಆಗ ವಿಮಾನ ಎಡಕ್ಕೆ ತಿರುಗತೊಡಗುತ್ತದೆ, ತಡೆಯಲು ಬಲಗಾಲಿನ ಪೆಡಲ್ ಒತ್ತಬೇಕು. ಅವಳು ಎಡಗಾಲು ಒತ್ತಿದಳು. ನಪಾಸು ಎಂದು ಬರೆದರೆ ಮತ್ತೆ ಹಣ ಕಟ್ಟಬೇಕು. ಮಾರಲು ಇನ್ನೊಂದು ಅಂಗಡಿ ಎಲ್ಲಿಂದ ಬರಬೇಕು? ನನ್ನ ಬೆರಳು ಕೆಂಪು ಗುಂಡಿ ಒತ್ತಿತು. ವಾಲಿದ ವಿಮಾನ ವಾಲಿದಂತೆಯೇ ನಿಂತಿತು.

"ನಾನೇನಾದ್ರೂ ತಪ್ಪು ಮಾಡಿದ್ನಾ ಸರ್?"

"ಇಲ್ಲಮ್ಮ, ಯಂತ್ರ ಕೈಕೊಡ್ತು."

ಯಂತ್ರ ಕೆಟ್ಟರೆ ಮರುಪರೀಕ್ಷೆಗೆ ಶುಲ್ಕವಿಲ್ಲ. ಎರಡನೆಯ ಸಲ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು, ಪಾಸಾದಳು. ನಮ್ಮ ಮೆಕ್ಯಾನಿಕ್ ಅಣ್ಣ ಇಲ್ಲದ ದೋಷ ಹುಡುಕುತ್ತಾ ಮೂರು ದಿನ ಯಂತ್ರದ ಹೊಟ್ಟೆಯೊಳಗೆ ತೂರಿಕೊಂಡಿದ್ದರು. ಅಣ್ಣಾ, ಕ್ಷಮಿಸಿ.

ಅಂದಿನಿಂದ ನನಗೊಂದು ಕನಸು. ಬೆಳ್ಳಗಿನ ಮೋಡದೊಳಗೆ ಅವಳ ವಿಮಾನ ಮೆಲ್ಲನೆ ಎಡಕ್ಕೆ ತಿರುಗುತ್ತದೆ. ಯಾರೂ ಕಿರುಚುವುದಿಲ್ಲ. ಪ್ರಯಾಣಿಕರು ಕಿಟಕಿಗೆ ಹಣೆ ಆನಿಸಿ ನಿದ್ದೆ ಹೋಗಿದ್ದಾರೆ. ನಾನು ಕುರ್ಚಿಯ ತೋಳನ್ನೆಲ್ಲ ತಡವುತ್ತೇನೆ. ಗುಂಡಿ ಸಿಗುವುದಿಲ್ಲ.

ಪೈಲಟ್ ಹಣ ಕಟ್ಟಬೇಕೇ? ಬೇಡ, ಅಧ್ಯಕ್ಷರೇ. ಪರೀಕ್ಷಕನ ಕಣ್ಣು ಕಾಲಿನ ಮೇಲಿರಬೇಕು, ನನ್ನ ಕಣ್ಣು ಹೊಲಿಗೆ ಅಂಗಡಿಯ ಮೇಲಿತ್ತು. ಅದನ್ನು ಕರುಣೆ ಎಂದುಕೊಂಡಿದ್ದೆ. ಆ ವಿಮಾನದಲ್ಲಿ ಕೂರುವ ನೂರೆಂಬತ್ತು ಜನರಿಗೆ ಅದು ಕರುಣೆಯೇ?

ಮಗಳೇ, ಯಂತ್ರ ಸರಿಯಿತ್ತು. ಇದನ್ನು ನಿನ್ನೊಬ್ಬಳನ್ನೇ ಕರೆದು ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ. ಕಾಲು ತಪ್ಪುವುದು ಎಲ್ಲರಿಗೂ ಇದೆ. ಮುಚ್ಚಿಟ್ಟವನು ನಾನು. ನಾಳೆ ಬೆಳಿಗ್ಗೆ ನೀನು ಹಾರಬೇಕು. ನನ್ನ ಸಹಿಗೆ ಬೆಲೆಯಿರುವುದು ಇಂದು ಸಂಜೆ ಐದರವರೆಗೆ. ಎರಡೂವರೆಗೆ ಸಿಮ್ಯುಲೇಟರ್ ಖಾಲಿಯಿದೆ, ಇನ್ನೊಮ್ಮೆ ಪರೀಕ್ಷೆಗೆ ಬಾ. ಶುಲ್ಕ ಯಾರದೆಂದು ಅಧ್ಯಕ್ಷರು ಅಷ್ಟರೊಳಗೆ ಯೋಚಿಸಲಿ. ಯಾವ ಎಂಜಿನ್ ನಿಲ್ಲುತ್ತದೆಂದು ಹೇಳುವುದಿಲ್ಲ. ಮನೆಯ ವಿಷಯವನ್ನೂ ಕೇಳುವುದಿಲ್ಲ.

ಹೂಗುಚ್ಛ ಕೊಟ್ಟವರಿಗೂ, ಹಸಿದುಕೊಂಡು ಕೇಳಿದವರಿಗೂ ಧನ್ಯವಾದಗಳು. ನನಗೆ ಊಟ ಬೇಡ, ಆ ಕೋಣೆಗೆ ಹೋಗಿ ದೀಪ ಹಾಕಿ ಕಾದಿರುತ್ತೇನೆ. ನಮಸ್ಕಾರ.