ಮೇಜಿನ ಬಟ್ಟೆಯ ಕೆಳಗೆ

ಸಾವಿರದ ಒಂಬೈನೂರ ಎಂಬತ್ತಮೂರರ ಮ್ಯಾಂಚೆಸ್ಟರ್ ಕಂಪ್ಯೂಟರ್ ಪ್ರದರ್ಶನದಲ್ಲಿ, ಬಡವರಿಗೂ ಎಟುಕುತ್ತದೆಂದು ಸಾರಿ ಹೊಸ ಕಂಪ್ಯೂಟರೊಂದನ್ನು ಮೇಜಿನ ಮೇಲಿಟ್ಟಿದ್ದರು. ಚಹಾದ ಸಾಲಿನಲ್ಲಿ, ಪ್ರದರ್ಶನ ನೋಡಲು ಬಂದಿದ್ದ ಈನಿಡ್‌ಳ ಮುಂದೆ ನಿಂತ ಇಬ್ಬರು ಗೆಳೆಯರು ಅದರ ಗ್ರಹಚಾರ ಬಿಡಿಸುತ್ತಿದ್ದರು.

“ಅದರ ಕೀಲಿಮಣೆ ಒತ್ತಿ ನೋಡಿದ್ಯಾ, ನಾರಿಸ್?”

“ನೋಡ್ದೆ. ತಣ್ಣಗಾದ ಪುಡಿಂಗ್ ಅದುಮಿದ ಹಾಗಿತ್ತು.”

“ಆದ್ರೂ ಪರದೇಲಿ ಆಟ ಚೆನ್ನಾಗೇ ಓಡ್ತಿತ್ತಲ್ಲೋ.”

“ಅಯ್ಯೋ ಮಂಕೇ, ನಾನು ಮೇಜಿನ ಬಟ್ಟೆ ಎತ್ತಿ ನೋಡ್ದೆ. ಕೆಳಗೆ ಬಚ್ಚಿಟ್ಟಿರೋ ದೊಡ್ಡ ಮಶೀನು ಅದನ್ನ ಓಡಿಸ್ತಿತ್ತು.”

“ಹಾಗಾದ್ರೆ ಮೇಲಿರೋದು ಏನ್ಮಾಡುತ್ತೆ?”

“ಬಿಸಿಯಾಗುತ್ತೆ. ಚಳಿಗಾಲದಲ್ಲಿ ಅದರ ಮೇಲೆ ಬೆಕ್ಕು ಮಲಗಿಸ್ಬಹುದು.”

ಈನಿಡ್‌ಗೆ ನಗು ತಡೆಯಲಾಗಲಿಲ್ಲ.

“ಇಷ್ಟೆಲ್ಲ ಗೊತ್ತಿದ್ದೂ ಯಾಕಪ್ಪಾ ಅದಕ್ಕೇ ಮುಂಗಡ ಕಟ್ಟಿ ಬಂದೆ?” ಎಂದು ಗೆಳೆಯ ಕೇಳಿದ.

ನಾರಿಸ್ ಚಹಾದ ಲೋಟ ಎತ್ತಿಕೊಂಡು ಹೊರಟ.

“ನನ್ನ ಸಂಬಳಕ್ಕೆ ಬಿಸಿಯಾಗೋದೇ ಸಿಗೋದು ಕಣೋ.”