ಪೈಲಟ್‌ನನ್ನು ಕರೆಯಲು ಬಂದವನು

ರಾಯಚೂರಿನ ಗಂಜ್ ಹಿಂದಿನ ಅಕ್ಕಿ ಗಿರಣಿಯಲ್ಲಿ ಆ ಸಂಜೆ ಕರೆಂಟು ಹೋಗಿತ್ತು. ಮಳೆ ಬಿಡುವ ಹಾಗೆ ಕಾಣಲಿಲ್ಲ. ಹಮಾಲರು ಭತ್ತದ ಚೀಲಗಳ ಮೇಲೆ ತಾಡಪತ್ರಿ ಎಳೆದು, ಕಂದೀಲು ಹಚ್ಚಿ, ಗೇಟು ಕಾಯುವ ಮುದುಕಪ್ಪನ ಸುತ್ತ ಕುಳಿತರು. ಹಿಂದೆ ಅವನು ಮಾನ್ವಿಯ ಸಾಹುಕಾರರೊಬ್ಬರ ಮನೆಯಲ್ಲಿ ದುಡಿದವ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಶುರುಮಾಡಿದ.

“ದೆವ್ವ ಅಂದ್ರ ಹುಣಸಿ ಗಿಡದಾಗ ಇರ್ತದಂತ ತಿಳದೀರಿ ನೀವು... ಟೊಪಗಿ ಹಾಕ್ಕೊಂಡು, ಹಾಡಹಗಲಾಗ ಬಂದು ‘ಶರಣ್ರಿ ಯವ್ವಾ’ ಅಂದ್ರ ಏನು ಮಾಡ್ತೀರಿ? ನಮ್ಮ ಬಸವಂತಮ್ಮವ್ವಗ ಹಂಗ ಆತು. ಎಮರ್ಜೆನ್ಸಿ ಮುಗದ ಮರುವರ್ಷದ ಮಾತು...”

ಆ ಸಾಹುಕಾರರ ಮನೆಯೊಡತಿ ಬಸವಂತಮ್ಮನ ಒಬ್ಬನೇ ಮಗ ವಿರೂಪಣ್ಣ ವಾಯುಪಡೆಯಲ್ಲಿ ಪೈಲಟ್. ಅವನು ಹಾರಿಸುತ್ತಿದ್ದ ಯುದ್ಧವಿಮಾನಗಳು ಅವನು ಶಾಲೆಗೆ ಹೋಗುವಾಗಲೇ ಹಳೆಯವಾಗಿದ್ದವು. ಒಂದರ ಭಾಗ ಕಿತ್ತು ಇನ್ನೊಂದಕ್ಕೆ ಜೋಡಿಸಿ ಮೇಲೇರಬೇಕಿತ್ತು. ಹೊಸವು ಬರುತ್ತವೆ ಎಂದು ಮೇಲಿನವರು ವರ್ಷವರ್ಷವೂ ಹೇಳುತ್ತಿದ್ದರು, ಬರುತ್ತಿರಲಿಲ್ಲ. ಬೇಸತ್ತ ಪೈಲಟ್‌ಗಳು ಒಬ್ಬೊಬ್ಬರಾಗಿ ಪಡೆ ಬಿಟ್ಟು ಪ್ರಯಾಣಿಕರ ವಿಮಾನದ ಕಂಪನಿ ಸೇರುತ್ತಿದ್ದರು. ವಿರೂಪಣ್ಣನೂ ಬಿಡುತ್ತೇನೆಂದು ಬರೆದುಕೊಟ್ಟು ಶ್ರಾವಣದಲ್ಲಿ ರಜೆಗೆ ಬಂದ. ಎಷ್ಟೋ ದಿನಗಳ ಮೇಲೆ ಅವನ ತಾಯಿ ನೆಮ್ಮದಿಯಿಂದ ಉಂಡಳು.

ಒಂದು ಮಧ್ಯಾಹ್ನ, ಮಗ ಹೊಲಕ್ಕೆ ಹೋಗಿದ್ದಾಗ, ನೀಲಿ ಸಮವಸ್ತ್ರದ ಎತ್ತರದ ಆಳೊಬ್ಬ ಮಳೆಯಲ್ಲಿ ಬಾಗಿಲಿಗೆ ಬಂದು ನಿಂತ.

“ಶರಣ್ರಿ ಯವ್ವಾ. ವಿರೂಪಣ್ಣ ಅದಾನೇನ್ರಿ? ನಾನು ಹನುಮಂತ್ರಾಯ, ದೇವದುರ್ಗದಾಂವ. ಇಬ್ರೂ ಒಂದ ಕಡಿ ವಿಮಾನ ಹಾರಸಾರು.”

“ಒಳಗ ಬಾ ಯಪ್ಪಾ, ಚಾ ಕುಡಿ.”

“ಬ್ಯಾಡ್ರಿ. ಹೊಸ ವಿಮಾನ ಬಂದಾವ, ಹಾರಸಾಕ ಮಂದಿ ಇಲ್ಲ. ನೌಕರಿ ಬಿಡಬ್ಯಾಡ ಅಂತ ಅವಗ ಹೇಳ್ರಿ.”

ಬಿಟ್ಟು ಹೋಗುವವರನ್ನು ಪುಸಲಾಯಿಸಲು ಅಧಿಕಾರಿಗಳೇ ಇವನನ್ನು ಕಳಿಸಿದ್ದಾರೆ ಎಂದು ಬಸವಂತಮ್ಮನಿಗೆ ಅನುಮಾನ ಬಂತು. ಅವನು ಹೋದ ಮೇಲೆ ಹೊಸ್ತಿಲು ಒರೆಸಲು ಬಗ್ಗಿದಾಗ ಅನುಮಾನ ಬೇರೆಯೇ ಆಯಿತು. ಮಾನ್ವಿಯ ಎರೆಮಣ್ಣು ಮಳೆಗಾಲದಲ್ಲಿ ಯಾರ ಕಾಲನ್ನೂ ಬಿಡುವುದಿಲ್ಲ, ಆದರೆ ಅವನು ನಿಂತಿದ್ದ ಕಡೆ ಕೆಸರಿನ ಗುರುತೇ ಇರಲಿಲ್ಲ. ಅವಳು ಮಗನಿಗೆ ಏನೂ ಹೇಳಲಿಲ್ಲ.

ಕೆಲವು ದಿನಗಳ ಮೇಲೆ ಅವಳು ಹಿತ್ತಲಿಂದ ಬಂದಾಗ ವಿರೂಪಣ್ಣ ಕಟ್ಟೆಯ ಒಂದು ತುದಿಗೆ ಸರಿದು ಕುಳಿತು, ಪಕ್ಕದ ಖಾಲಿ ಜಾಗದತ್ತ ತಿರುಗಿ ನಗುತ್ತ ಮಾತಾಡುತ್ತಿದ್ದ.

“ಯಾರ ಕೂಡ ಮಾತಾಡಾಕತ್ತೀಯೋ?”

“ಹನುಮಂತ್ರಾಯ ಬಂದಿದ್ದ, ಈಗ ಹೋದ. ನಾ ತಿರುಗಿ ಹೋಗಬೇಕಂತ ಮಾಡೀನಿ ಯವ್ವಾ.”

ಓಣಿಯ ಎರಡೂ ಕಡೆ ಒಂದು ನರಪಿಳ್ಳೆಯೂ ಇರಲಿಲ್ಲ.

“ಮರುದಿನ ಆ ಯವ್ವ ನನ್ನ ಕರಕೊಂಡು ದೇವದುರ್ಗದ ಬಸ್ ಹತ್ತಿದಳು,” ಎಂದ ಮುದುಕಪ್ಪ. “ತಾಯಿ ಹೊಟ್ಟಿಗೆ ಮೊದಲ ತಿಳಿತದಲ್ಲಾ?”

ಹನುಮಂತ್ರಾಯನ ತಾಯಿ ಆದೆಮ್ಮ ಕುರಿಹಟ್ಟಿಯ ಮುಂದೆ ಉಣ್ಣೆ ಬಿಡಿಸುತ್ತಿದ್ದಳು. ಮಗ ಮಾನ್ವಿಗೆ ಬಂದು ಹೋದನೆಂದು ಕೇಳಿ ಉಣ್ಣೆ ಕೆಳಗಿಟ್ಟಳು.

“ಅವ ಹೋಗಿ ವರ್ಷ ಆತವ್ವಾ. ಹಳೇ ವಿಮಾನ, ಮ್ಯಾಲ ಉರದು ಬಿತ್ತಂತ.” ಹತ್ತಿರ ಸರಿದು ಕೇಳಿದಳು, “ಹೊಸ ವಿಮಾನ ಬಂದಾವ ಅಂದ್ನೇನು?”

ಬಸವಂತಮ್ಮ ಹೌದೆಂದು ತಲೆಯಾಡಿಸಿದಳು.

“ನನ್ನ ಮಗನೂ ಬಿಟ್ಟು ಬರಾಂವ ಇದ್ದ. ಅವನ್ನ ಹುಡುಕ್ಕೊಂಡು ಬಂದಾಂವನೂ ಇದ ಮಾತು ಹೇಳ್ದ. ಅಂವನೂ ಮೊದಲ ವಿಮಾನದಾಗ ಸತ್ತಾಂವಂತ. ಮಗನ್ನ ಹೊರಗ ಬಿಡಬ್ಯಾಡ, ಓಡು.”

ಮಾನ್ವಿಗೆ ಮರಳಿದಾಗ ವಿರೂಪಣ್ಣ ಮನೆಯಲ್ಲಿರಲಿಲ್ಲ, ಗಾಡಿ ಹಿಡಿಯಲು ರಾಯಚೂರಿಗೆ ಹೋಗಿದ್ದ. ಇಬ್ಬರೂ ಸಿಕ್ಕ ಲಾರಿ ಹತ್ತಿ ಸ್ಟೇಷನ್ನಿಗೆ ಬಂದರು. ಅವನು ಕಿಟಕಿಯ ಪಕ್ಕ ಕುಳಿತಿದ್ದ. ತಾಯಿ ಹೊರಗಿನಿಂದಲೇ ಅವನ ತೋಳು ಹಿಡಿದಳು.

“ಹನುಮಂತ್ರಾಯ ಸತ್ತಾನಪ್ಪಾ.”

“ಗೊತ್ತದ ಯವ್ವಾ. ಹೆಗಲು ಕೊಟ್ಟಾಂವ ನಾನ.”

“ಗೊತ್ತಿದ್ದೂ ಹೋಗಾಕತ್ತೀಯಾ?”

“ಬದುಕಿದ್ದಾರು ಹೇಳಿದ್ದು ಭಾಳ ವರ್ಷ ಕೇಳೀನಿ, ಎಲ್ಲಾ ಸುಳ್ಳು ಆತು. ಸತ್ತಾಂವಗ ಸುಳ್ಳು ಹೇಳಿ ಏನಾಗಬೇಕದ?”

ಗಾಡಿ ಹೊರಟಿತು. ತೋಳು ಬಿಡದೆ ಓಡುತ್ತಿದ್ದವಳನ್ನು ಮುದುಕಪ್ಪ ಸೊಂಟ ಹಿಡಿದು ಹಿಂದಕ್ಕೆಳೆದ. ಕಿಟಕಿ ಮುಂದೆ ಸರಿಯುವಾಗ ಮಗನ ಎದುರಿನ ಸೀಟಿನಲ್ಲಿ ನೀಲಿ ಬಟ್ಟೆಯ ಮೊಣಕಾಲು ಅವಳಿಗೆ ಕಂಡಿತು. ದೀಪಾವಳಿಗೆ ಮೊದಲೇ ತಂತಿ ಬಂತು. ವಿರೂಪಣ್ಣ ಬಿದ್ದದ್ದು ಹಳೆಯ ವಿಮಾನದಲ್ಲೇ.

ಮುದುಕಪ್ಪ ಎಲೆ ಉಗುಳಿ ಬಂದು ಕುಳಿತ.

“ಹೊಸಾವು ಆಮ್ಯಾಲ ಬಂದ್ವು... ಪೇಪರಿನ್ಯಾಗ ಫೋಟೋ ನೋಡೀನಿ. ಇನ್ನ ಕರಿಯಾಕ ಬರಾದು ನಿಂತೀತು ಅಂದ್ಕೊಂಡಿದ್ದೆ. ಮೊನ್ನಿ ಸಂಜಿಮುಂದ ಈ ಗೇಟಿಗೆ ಒಬ್ಬಾಂವ ಬಂದು ಗುಂಜಹಳ್ಳಿ ದಾರಿ ಕೇಳಿದ. ಮುಖ ಎತ್ತಿ ನೋಡ್ತೀನಿ... ನಾ ಎತ್ತಿ ಆಡಿಸಿದ ಕೂಸು, ವಿರೂಪಣ್ಣ. ನಾ ದಾರಿ ಹೇಳಲಿಲ್ಲ. ನಿಮ್ಮನ್ನ ಕೇಳಿದ್ರೂ ಹೇಳಬ್ಯಾಡ್ರಿ.”

ಗುಂಜಹಳ್ಳಿಯ ಹಮಾಲ ಬೂದೆಪ್ಪ ಬೀಡಿ ಕೆಳಗಿಟ್ಟ.

“ಯಪ್ಪಾ... ನಿನ್ನಿ ನಾ ದಾರಿ ತೋರಿಸೀನಿ. ರಜಾಕ್ಕ ಬಂದ ಪೈಲಟ್‌ನ ಮನಿ ಯಾವುದು ಅಂದ.”

ಮುದುಕಪ್ಪ ಕಂದೀಲು ಎತ್ತಿಕೊಂಡು ಎದ್ದ.

“ಆ ಹುಡುಗ ಇನ್ನ ಊರಾಗ ಅದಾನೇನು?”